ಕಲ್ಲಿನ ಮೇಲೆ ಎರಡು ಇಸವಿ: ಮುಚ್ಚಿಹೋದ ಒಂದು ಹಳ್ಳಿ ಸ್ಟೇಷನ್ನಿನ ಪ್ರಕರಣ

ನಂಜನಗೂಡು ತಾಲ್ಲೂಕಿನ ಒಂದು ಊರು. ಅಲ್ಲಿನ ಒಂದು ಬೀದಿಗೆ ಇವತ್ತಿಗೂ ಟೇಸನ್ ಬೀದಿ ಅಂತಲೇ ಹೆಸರು. ಬೀದಿಯ ಕೊನೆಗೆ ಹೋದರೆ ಸ್ಟೇಷನ್ ಇಲ್ಲ. ಹೆಂಚು ಹಾರಿಹೋದ ಸಣ್ಣ ಕಟ್ಟಡ, ಅದರ ಮುಂದೆ ಹುಲ್ಲು ಬೆಳೆದ ಉದ್ದನೆಯ ದಿಬ್ಬ, ಒಂದು ಬೇವಿನ ಮರ. ಆ ದಿಬ್ಬವೇ ಒಂದು ಕಾಲದ ಪ್ಲಾಟ್‌ಫಾರಂ. ಈಗಿನ ಹಳಿ ಅಲ್ಲಿಂದ ಸ್ವಲ್ಪ ಆಚೆ ಹಾದುಹೋಗುತ್ತದೆ. ರೈಲು ದಿನಾ ಓಡುತ್ತದೆ, ನಿಲ್ಲುವುದಿಲ್ಲ.

ಆ ಸ್ಟೇಷನ್ನಿನ ಚರಿತ್ರೆ ಬರೆಯಲು ಹೊರಟ ನಾವು ಎಲ್ಲಿ ಎಡವಿದೆವು, ಹೇಗೆ ದಾರಿಗೆ ಬಂದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ತಮ್ಮ ಊರಿನ ಹಳೇ ಸ್ಟೇಷನ್, ಹಳೇ ಅಂಚೆಮನೆ, ಹಳೇ ಅಕ್ಕಿ ಗಿರಣಿಯ ಕಥೆ ಬರೆಯಬೇಕು ಅಂದುಕೊಂಡವರಿಗೆ ಉಪಯೋಗಕ್ಕೆ ಬರಬಹುದು. ಊರಿನ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಕೆಲವರ ಕಸುಬು, ವಯಸ್ಸು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಊರು ಯಾವುದೆಂದು ಗೊತ್ತಾಗುವಂಥ ಇಸವಿಗಳನ್ನೂ ತೆಗೆದಿದ್ದೇನೆ. ಇಡೀ ರೈಲು ಮಾರ್ಗಕ್ಕೆ ಸೇರಿದ ಇಸವಿಗಳು ಮಾತ್ರ ಇದ್ದ ಹಾಗೇ ಇವೆ. ನಾನು ಆ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು.

ಹಿನ್ನೆಲೆ

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲು ಮಾರ್ಗ 61 ಕಿಲೋಮೀಟರ್ ಉದ್ದದ್ದು. ಇದನ್ನು ಒಂದೇ ಸಲಕ್ಕೆ ಹಾಕಲಿಲ್ಲ. ಮೈಸೂರಿನಿಂದ ನಂಜನಗೂಡಿನವರೆಗೆ 1891ರಲ್ಲೇ ರೈಲು ಬಂತು. ಆಗ ಚಾಮರಾಜೇಂದ್ರ ಒಡೆಯರ ಆಳ್ವಿಕೆ, ಶೇಷಾದ್ರಿ ಅಯ್ಯರ್ ದಿವಾನರು. ನಂಜನಗೂಡಿನಿಂದ ಚಾಮರಾಜನಗರದವರೆಗಿನ ದಾರಿ ಆಗಿದ್ದು 1926ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ. ನಡುವೆ 35 ವರ್ಷದ ಅಂತರ. ಈ ಅಂತರವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಮ್ಮ ತಪ್ಪು ಹುಟ್ಟಿದ್ದೇ ಇಲ್ಲಿ.

ಹಳಿ ಮೀಟರ್‌ಗೇಜಿನದು. ಅಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಗಲ. ನಂಜನಗೂಡಿನ ಹತ್ತಿರ ಕಪಿಲೆಯನ್ನು ದಾಟಲು ಹೊಸ ಸೇತುವೆ ಇರಲಿಲ್ಲ. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲಿನ ಸೇತುವೆಯ ಮೇಲೇ ರೈಲೂ ಹೋಗುತ್ತಿತ್ತು, ಪಕ್ಕದಲ್ಲೇ ಗಾಡಿ, ಬಸ್ಸು, ಜನವೂ ಹೋಗುತ್ತಿದ್ದರು. ಈ ಸೀಮೆಯಲ್ಲಿ ಐವತ್ತು ದಾಟಿದ ಯಾರನ್ನು ಕೇಳಿದರೂ ಆ ಸೇತುವೆ ಮೇಲೆ ರೈಲಿನ ಪಕ್ಕ ನಡೆದ ನೆನಪು ಹೇಳುತ್ತಾರೆ.

ಮಾರ್ಗ ಚಾಮರಾಜನಗರದಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಸತ್ಯಮಂಗಲದ ಕಾಡು ದಾಟಿ ಮೆಟ್ಟುಪಾಳಯಂವರೆಗೆ ಹಳಿ ಹಾಕಬೇಕು ಅನ್ನುವ ಮಾತು ದಶಕಗಳಿಂದ ಇದೆ, ಕಾಗದದಲ್ಲೇ ಇದೆ. ಮುಂದಕ್ಕೆ ದಾರಿಯಿಲ್ಲದ ಮಾರ್ಗದಲ್ಲಿ ದೂರದ ಗಾಡಿಗಳು ಓಡುವುದು ಕಡಿಮೆ. ಓಡುವ ಗಾಡಿಯೇ ಕಡಿಮೆಯಾದಾಗ ನಡುವಿನ ಸಣ್ಣ ಸ್ಟೇಷನ್‌ಗಳು ಮೊದಲು ಸೊರಗುತ್ತವೆ. ನಮ್ಮೂರಿನದು ಅಂಥ ಒಂದು ಸ್ಟೇಷನ್.

1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ ಹುಟ್ಟಿದಾಗ ಮೈಸೂರು ಸಂಸ್ಥಾನದ ರೈಲ್ವೆ ಅದರಲ್ಲಿ ಸೇರಿತು. 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈರುತ್ಯ ರೈಲ್ವೆ ಬಂದಾಗ ಮೈಸೂರು ವಿಭಾಗ ಅದರ ಪಾಲಿಗೆ ಹೋಯಿತು. ಆಮೇಲೆ ಈ ಮಾರ್ಗವನ್ನು ಬ್ರಾಡ್‌ಗೇಜಿಗೆ ಬದಲಿಸಿದರು. 2008ರಲ್ಲಿ ಅಗಲ ಹಳಿಯ ಮೇಲೆ ರೈಲು ಓಡಿತು. ಅದು ನಮ್ಮೂರಲ್ಲಿ ನಿಲ್ಲಲಿಲ್ಲ.

ಇಷ್ಟೆಲ್ಲ ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಶುರು ಮಾಡಿದಾಗ ಇದರಲ್ಲಿ ಅರ್ಧ ನನಗೂ ಗೊತ್ತಿರಲಿಲ್ಲ.

ಎರಡು ಖಾಲಿ ಜಾಗ

ಗ್ರಾಮ ಪಂಚಾಯಿತಿಯವರು ಟೇಸನ್ ಬೀದಿಯ ಬಾಯಲ್ಲಿ, ಅರಳಿಕಟ್ಟೆ ಪಕ್ಕ ಒಂದು ಕಲ್ಲು ನಿಲ್ಲಿಸಬೇಕು ಅಂತ ತೀರ್ಮಾನ ಮಾಡಿದರು. ಒಳ್ಳೆಯ ಮನಸ್ಸಿನಿಂದ ಮಾಡಿದ ತೀರ್ಮಾನ. ಊರಿನ ಮಕ್ಕಳಿಗೆ ಇಲ್ಲಿ ರೈಲು ನಿಲ್ಲುತ್ತಿತ್ತು ಅನ್ನುವುದಾದರೂ ಗೊತ್ತಿರಲಿ ಅಂತ. ಒಕ್ಕಣೆ ಅವರೇ ಬರೆದಿದ್ದರು: "ಇಲ್ಲಿ ರೈಲ್ವೆ ಸ್ಟೇಷನ್ ಇತ್ತು." ಕೆಳಗೆ ಎರಡು ಖಾಲಿ ಜಾಗ, ಇಂಥ ಇಸವಿಯಿಂದ ಇಂಥ ಇಸವಿಯವರೆಗೆ. ರಾಜ್ಯೋತ್ಸವಕ್ಕೆ ಕಲ್ಲು ನಿಲ್ಲಬೇಕು. ಆ ಎರಡು ಇಸವಿ ತುಂಬಿಕೊಡಿ ಮೇಷ್ಟ್ರೇ ಅಂದರು.

ಎರಡು ಇಸವಿ ತಾನೇ ಅಂದುಕೊಂಡೆ. ಏಳನೇ ತರಗತಿಯ ಎಂಟು ಮಕ್ಕಳನ್ನು ಜೊತೆಗೆ ಹಾಕಿಕೊಂಡೆ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಊರೊಳಗೆ ಹೊರಡುತ್ತಿದ್ದೆವು.

ಮೊದಲ ಶನಿವಾರವೇ ತೊಡಕು ಶುರುವಾಯಿತು. ಕಟ್ಟಿದ್ದು ಯಾವಾಗ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ, "ರಾಜರ ಕಾಲದಲ್ಲಿ." ಯಾವ ರಾಜರು ಅಂದರೆ ಸುಮ್ನಾಗುತ್ತಿದ್ದರು. ಮುಚ್ಚಿದ್ದು ಯಾವಾಗ ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬರು ಹೇಳಿದ ಇಸವಿಗೂ ಇನ್ನೊಬ್ಬರು ಹೇಳಿದ್ದಕ್ಕೂ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ವ್ಯತ್ಯಾಸ. ಯಾರೂ ಸುಳ್ಳು ಹೇಳುವವರಲ್ಲ. ಹಾಗಾದರೆ ಇದೇನು?

ನಮ್ಮೂರಿನ ದೇವಸ್ಥಾನದ ಮುಂದೆ ಒಂದು ಶಾಸನದ ಕಲ್ಲಿದೆ. ಈ ತಾಲ್ಲೂಕಿನ ನೂರಾರು ಶಾಸನಗಳನ್ನು ಬಿ. ಎಲ್. ರೈಸ್ ಅವರ ಕಾಲದಲ್ಲೇ ಓದಿ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚು ಹಾಕಿದ್ದಾರೆ. ಎಷ್ಟೋ ನೂರು ವರ್ಷದ ಹಿಂದೆ ಯಾರು ಯಾರಿಗೆ ಎಷ್ಟು ಗದ್ದೆ ದತ್ತಿ ಬಿಟ್ಟರು ಅಂತ ಪುಸ್ತಕ ತೆಗೆದರೆ ಸಿಗುತ್ತದೆ. ನಮ್ಮ ಅಪ್ಪ ಅಮ್ಮಂದಿರು ಹತ್ತಿ ಇಳಿದ ಸ್ಟೇಷನ್ನಿನ ಒಂದು ಸಾಲು ಸಿಗಲಿಲ್ಲ. ಅದು ನನ್ನನ್ನು ತುಂಬ ದಿನ ಕಾಡಿತು.

ಹಳಿಯ ಮೇಲಿನ ಅಂಕಿ

ಸ್ಟೇಷನ್ ಹಿಂದೆ ಒಂದು ಬೇಲಿ ಇದೆ. ಅದರ ಕಂಬಗಳು ಕಲ್ಲಿನವಲ್ಲ, ಹಳೇ ರೈಲು ಹಳಿಯ ತುಂಡುಗಳು. ಒಬ್ಬ ಹುಡುಗ ಒಂದು ಕಂಬದ ಪಕ್ಕೆಯಲ್ಲಿ ಉಬ್ಬಕ್ಷರ ನೋಡಿ ಕೂಗಿದ. ನಾವೆಲ್ಲ ಓಡಿದೆವು. ತೆಂಗಿನ ನಾರಿನಿಂದ ತುಕ್ಕು ಉಜ್ಜಿದೆವು. ಪಕ್ಕದ ಮನೆಯಿಂದ ಸುಣ್ಣ ತಂದು ನೀರಲ್ಲಿ ಕಲಸಿ ಬಳಿದು, ಆರುವ ಮೊದಲೇ ಒದ್ದೆ ಬಟ್ಟೆಯಲ್ಲಿ ಮೇಲುಮೇಲೆ ಒರೆಸಿದೆವು. ಸುತ್ತ ಬೆಳ್ಳಗಾಗಿ ಉಬ್ಬಿದ ಅಕ್ಷರ ಕಪ್ಪಗೆ ಎದ್ದು ಬಂತು. ಇಂಗ್ಲಿಷಿನಲ್ಲಿ ತಯಾರಕರ ಹೆಸರಿನ ಒಂದು ಚೂರು, ಆಮೇಲೆ 1, 8, ಇನ್ನೊಂದು 8. ಕೊನೆಯ ಅಂಕಿಯನ್ನು ತುಕ್ಕು ತಿಂದಿತ್ತು.

ಮಕ್ಕಳ ಮುಖ ನೋಡಬೇಕಿತ್ತು. ನನ್ನ ಮುಖವೂ ಹಾಗೇ ಇದ್ದಿರಬೇಕು. 1880ರ ದಶಕದ ಹಳಿ! ಆ ರಾತ್ರಿ ಫೋನಿನಲ್ಲಿ ಹುಡುಕಿದೆ. ಮೈಸೂರು–ನಂಜನಗೂಡು ರೈಲು 1891ರಲ್ಲಿ ಶುರುವಾಯಿತು ಅಂತ ಸಿಕ್ಕಿತು. ಹಳಿ ತಯಾರಾಗಿ, ಹಡಗಲ್ಲಿ ಬಂದು, ಹಾಸಿ ಮುಗಿಯಲು ಕೆಲವು ವರ್ಷ ಬೇಕಲ್ಲ, ಲೆಕ್ಕ ಸರಿಹೋಯಿತು ಅನ್ನಿಸಿತು. ಬೆಳಿಗ್ಗೆ ಪಂಚಾಯಿತಿಗೆ ಹೋಗಿ 1891 ಅಂತ ಬರೆದುಕೊಟ್ಟೆ. ಕೊನೆಯ ಇಸವಿ ಆಮೇಲೆ ಕೊಡುತ್ತೇನೆ ಅಂದೆ. ಕಲ್ಲುಕುಟಿಗರು ಅಲ್ಲಿವರೆಗಿನದನ್ನು ಕೊರೆದೇಬಿಟ್ಟರು.

ತಪ್ಪು ಹಿಡಿದವಳು ಒಬ್ಬ ಹುಡುಗಿ. ಅವಳು ಚಾರ್ಟ್ ಕಾಗದದ ಮೇಲೆ ರೈಲು ಮಾರ್ಗದ ನಕ್ಷೆ ಬರೆಯುತ್ತಿದ್ದಳು. ಮೈಸೂರು, ಕಡಕೊಳ, ನಂಜನಗೂಡು ಬರೆದು, ಅಲ್ಲಿಯವರೆಗೆ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು 1891 ಅಂತ ಹಾಕಿದಳು. ಪೆನ್ಸಿಲ್ ಅಲ್ಲೇ ಹಿಡಿದುಕೊಂಡು ಕೇಳಿದಳು, "ಸಾರ್, ನಮ್ಮೂರು ನಂಜನಗೂಡು ದಾಟಿದ ಮೇಲಲ್ವಾ?"

ಹೌದು. ದಾಟಿದ ಮೇಲೆ.

ಮೈಸೂರಿಗೆ ಹೋಗಿ ಹಯವದನರಾಯರು ಸಂಪಾದಿಸಿದ ಮೈಸೂರು ಗೆಜೆಟಿಯರ್ ತೆಗೆಸಿ ಕೂತೆ. 1927ರಿಂದ 1930ರ ನಡುವೆ ಅಚ್ಚಾದ ಸಂಪುಟಗಳು ಅವು. ಸಂಸ್ಥಾನದ ರೈಲು ಮಾರ್ಗಗಳನ್ನು ಅದರಲ್ಲಿ ತುಂಡು ತುಂಡಾಗಿ ವಿಂಗಡಿಸಿ ಬರೆದಿದ್ದಾರೆ. ನಂಜನಗೂಡಿನವರೆಗಿನದು ಬೇರೆ, ಆಚೆಯದು ಬೇರೆ. ನಮ್ಮೂರಿಗೆ 1926ಕ್ಕಿಂತ ಮುಂಚೆ ರೈಲು ಬಂದಿರಲು ಸಾಧ್ಯವೇ ಇರಲಿಲ್ಲ.

ಹಾಗಾದರೆ 1880ರ ದಶಕದ ಹಳಿ ಎಲ್ಲಿಂದ ಬಂತು? ಇದಕ್ಕೆ ಉತ್ತರ ಕೊಟ್ಟವರು ಊರಲ್ಲೇ ಇದ್ದ ಒಬ್ಬ ನಿವೃತ್ತ ಗ್ಯಾಂಗ್‌ಮನ್. ಮೊದಲೇ ಅವರನ್ನು ಕೇಳಬೇಕಿತ್ತು. "ದೊಡ್ಡ ಲೈನಲ್ಲಿ ಸವೆದ ಹಳೀನ ಬಿಸಾಕ್ತಾರಾ ಮೇಷ್ಟ್ರೇ? ತಂದು ಸಣ್ಣ ಲೈನ್‌ಗೆ ಹಾಕ್ತಾರೆ. ಅಲ್ಲೂ ಸವೆದ್ರೆ ಸೈಡಿಂಗ್‌ಗೆ. ಅದೂ ಮುಗೀತು ಅಂದ್ರೆ ಬೇಲಿಗೆ." ಹಳಿಯ ಮೇಲಿನ ಇಸವಿ ಹಳಿ ಹುಟ್ಟಿದ ಇಸವಿ, ಸ್ಟೇಷನ್ ಹುಟ್ಟಿದ್ದಲ್ಲ. ಬೇರೆ ಎಲ್ಲೋ ದುಡಿದು ದಣಿದು ಬಂದ ಕಬ್ಬಿಣವನ್ನು ನಾನು ಜನ್ಮಪತ್ರ ಅಂತ ಓದಿದ್ದೆ.

ಪಂಚಾಯಿತಿಗೆ ಹೋಗಿ ತಪ್ಪು ನನ್ನದು ಅಂತ ಹೇಳಿದೆ. ಹೇಳುವುದು ಸುಲಭವಾಗಿರಲಿಲ್ಲ. ಇಬ್ಬರು ಸದಸ್ಯರು, "ಇರ್ಲಿ ಬಿಡಿ ಮೇಷ್ಟ್ರೇ, ಹಳೇದಾದಷ್ಟೂ ಊರಿಗೆ ಗೌರವ, ಯಾರು ನೋಡ್ತಾರೆ" ಅಂದರು. ಅಧ್ಯಕ್ಷೆ ಒಪ್ಪಲಿಲ್ಲ. "ಮಕ್ಕಳು ಕಂಡುಹಿಡಿದ್ಮೇಲೆ ನಾವು ಕಣ್ಣು ಮುಚ್ಕೊಂಡ್ರೆ ನಾಳೆ ಅವ್ರಿಗೆ ಏನು ಹೇಳೋದು?" ಅಂತ ಕೇಳಿದರು. ರಾಜ್ಯೋತ್ಸವಕ್ಕೆ ಕಲ್ಲು ನಿಲ್ಲಿಸುವುದು ಬೇಡ, ಸರಿಯಾದಾಗ ನಿಲ್ಲಿಸೋಣ ಅಂತಾಯಿತು. ಈ ಕೆಲಸದ ಮೊದಲ ತಿರುವು ಇದು. ಗಡುವು ಹೋಗಿದ್ದರಿಂದಲೇ ನಮಗೆ ಉಸಿರಾಡಲು ಜಾಗ ಸಿಕ್ಕಿತು.

ಕಾಗದದ ಹಿಂದೆ

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, "ಈ ಸ್ಟೇಷನ್ ಯಾವಾಗ, ಏಕೆ ಮುಚ್ಚಲಾಯಿತು" ಅಂತ ಕೇಳಿದೆ. ಮೂವತ್ತು ದಿನದೊಳಗೇ ಉತ್ತರ ಬಂತು. ಅದರಲ್ಲಿ ಉಪಯೋಗಕ್ಕೆ ಬರುವಂಥದ್ದು ಏನೂ ಇರಲಿಲ್ಲ. ತಪ್ಪು ಮತ್ತೆ ನನ್ನದೇ. 2005ರ ಆ ಕಾಯ್ದೆ ಕಚೇರಿಯಲ್ಲಿ ಇರುವ ದಾಖಲೆಯನ್ನು ಕೊಡಿಸುತ್ತದೆ. ಏಕೆ ಅನ್ನುವ ಪ್ರಶ್ನೆಗೆ ಹೊಸದಾಗಿ ಉತ್ತರ ಬರೆದುಕೊಡುವ ಹೊಣೆ ಅಧಿಕಾರಿಗೆ ಇಲ್ಲ. ಎರಡನೇ ಸಲ ದಾಖಲೆಗಳನ್ನೇ ಹೆಸರಿಟ್ಟು ಕೇಳಿದೆ: ಸ್ಟೇಷನ್ನಿನ ನಕ್ಷೆ, ಹಾಲ್ಟ್ ಸ್ಟೇಷನ್‌ಗಳ (ಅಂದರೆ ಮಾಸ್ಟರ್ ಇಲ್ಲದೆ ಗಾಡಿ ನಿಂತು ಹೋಗುವ ಸಣ್ಣ ಸ್ಟೇಷನ್‌ಗಳ) ಪಟ್ಟಿ, ನಿಲುಗಡೆ ರದ್ದಾದ ಆದೇಶದ ಪ್ರತಿ. ಒಂದು ಹಾಳೆ ಸಿಕ್ಕಿತು. ಅದರಲ್ಲಿ ನಮ್ಮೂರಿನ ಹೆಸರಿನ ಮುಂದೆ ಹಾಲ್ಟ್ ಅಂತಿತ್ತು. ಆ ಒಂದು ಪದವೇ ಬೆಲೆಯುಳ್ಳದ್ದು. ಒಂದು ಕಾಲಕ್ಕೆ ಸ್ಟೇಷನ್ ಮಾಸ್ಟರ್ ಇದ್ದ ಜಾಗ, ಮುಚ್ಚುವ ಎಷ್ಟೋ ಮುಂಚೆ ಹಾಲ್ಟ್ ಆಗಿ ಇಳಿದಿತ್ತು ಅಂತ ಅದರಿಂದ ಗೊತ್ತಾಯಿತು.

ಸರ್ವೆ ಕಚೇರಿಯ ಗ್ರಾಮ ನಕ್ಷೆ ಇನ್ನೂ ಚೆನ್ನಾಗಿ ಮಾತಾಡಿತು. ಹೊಲಗಳ ನಡುವೆ ರೈಲ್ವೆ ಜಮೀನು ತೆಳ್ಳಗೆ ಪಟ್ಟಿಯ ಹಾಗೆ ಬಂದು, ನಮ್ಮೂರಿನ ಹತ್ತಿರ ಹಾವು ಕಪ್ಪೆ ನುಂಗಿದ ಹಾಗೆ ಉಬ್ಬಿ, ಮತ್ತೆ ತೆಳ್ಳಗಾಗುತ್ತದೆ. ಎರಡನೇ ಹಳಿಗೆ, ಕಟ್ಟಡಕ್ಕೆ, ಮನೆಗಳಿಗೆ ಬೇಕಾದ ಜಾಗ ಆ ಉಬ್ಬು. ಅದಕ್ಕೆ ಬೇರೆ ಸರ್ವೆ ನಂಬರ್ ಇರಲಿಲ್ಲ, ಪಟ್ಟಿಯ ಜೊತೆಗೇ ಸೇರಿತ್ತು. ಹಳಿಗೆ ಜಮೀನು ತೆಗೆದುಕೊಂಡಾಗಲೇ ಸ್ಟೇಷನ್ನಿಗೂ ತೆಗೆದುಕೊಂಡಿದ್ದರು ಅನ್ನಲು ಅಷ್ಟು ಸಾಕಾಯಿತು.

ಪ್ರಶ್ನೆ ಬದಲಾದ ದಿನ

ಶುರುವಿನ ಇಸವಿಯ ತೊಡಕು ಬಗೆಹರಿಯಿತು. ಕೊನೆಯದು ಹಾಗೇ ಇತ್ತು. ಒಂದು ಶನಿವಾರ ಒಬ್ಬ ಅಜ್ಜಿಯ ಜಗಲಿಯಲ್ಲಿ ಕೂತಿದ್ದೆವು. ಟೇಸನ್ ಯಾವಾಗ ಮುಚ್ಚಿತು ಅಜ್ಜಿ ಅಂತ ಒಬ್ಬ ಹುಡುಗ ಎಂದಿನ ಹಾಗೆ ಕೇಳಿದ. "ನಂಗೊತ್ತಿಲ್ಲ ಕಣ್ ಮಗಾ" ಅಂದರು. ಇನ್ನೊಬ್ಬಳು ಸುಮ್ನೆ ಮಾತಿಗೆ, "ನೀವು ಕೊನೇ ಸಲ ಅಲ್ಲಿ ರೈಲು ಹತ್ತಿದ್ದು ಯಾವಾಗಜ್ಜಿ?" ಅಂದಳು.

ಅಜ್ಜಿ ಅರ್ಧ ಗಂಟೆ ಮಾತಾಡಿದರು.

ದೊಡ್ಡ ಮಗಳ ಮದುವೆಗೆ ನಂಜನಗೂಡಿಗೆ ಜವಳಿ ತರಲು ಹೋಗಿದ್ದು, ವಾಪಸ್ ಬಂದಾಗ ಕತ್ತಲಾಗಿದ್ದು, ಪ್ಲಾಟ್‌ಫಾರಂನಲ್ಲಿ ಎಂದಿನಂತೆ ದೀಪ ಇರಲಿಲ್ಲ. ಮಾಸ್ಟರ ಮನೆಗೂ ಬೀಗ ಬಿದ್ದಿತ್ತು. ಮಾಸ್ಟರ ಹೆಂಡತಿ ಇವರ ಗೆಳತಿ. ಹೇಳದೆ ಹೋದಳಲ್ಲ ಅಂತ ಜವಳಿ ಗಂಟು ಕೆಳಗಿಟ್ಟು ಅಲ್ಲೇ ಕೂತರಂತೆ. "ದೀಪ ಆರಿದ್ಮೇಲೆ ಅದ್ಯಾವ ಟೇಸನ್ನು? ನನ್ ಲೆಕ್ಕಕ್ಕೆ ಅವತ್ತೇ ಮುಚ್ಚೋಯ್ತು."

ಅಲ್ಲಿಂದ ನಾವು ಮುಚ್ಚಿದ್ದು ಯಾವಾಗ ಅಂತ ಕೇಳುವುದನ್ನೇ ಬಿಟ್ಟೆವು. ಹಿಂದೆ ಮಾತಾಡಿಸಿದವರ ಮನೆಗೆಲ್ಲ ಮತ್ತೆ ಹೋಗಿ ಹೊಸ ಪ್ರಶ್ನೆ ಕೇಳಿದೆವು. ಆಗ ಒಬ್ಬೊಬ್ಬರ ಇಸವಿ ಯಾಕೆ ಬೇರೆ ಅಂತ ತಿಳಿಯುತ್ತಾ ಬಂತು.

ವೀಳ್ಯದೆಲೆ ತೋಟದವರೊಬ್ಬರಿಗೆ ಸ್ಟೇಷನ್ ಮುಚ್ಚಿದ್ದು ಪಾರ್ಸೆಲ್ ಬುಕಿಂಗ್ ನಿಂತ ದಿನ. ಬಾಳೆನಾರಲ್ಲಿ ಕಟ್ಟಿ, ನೀರು ಚಿಮುಕಿಸಿದ ಎಲೆ ಪೆಂಡಿಗಳನ್ನು ಅವರ ಅಪ್ಪ ಬೆಳಗಿನ ಗಾಡಿಗೆ ಹಾಕಿದರೆ ಬಿಸಿಲೇರುವ ಮುಂಚೆ ಮೈಸೂರು ಸೇರುತ್ತಿತ್ತು. ಬುಕಿಂಗ್ ನಿಂತ ಮೇಲೆ ಎತ್ತಿನಗಾಡಿ, ಆಮೇಲೆ ಟೆಂಪೋ. ರೈಲು ಆಮೇಲೂ ಎಷ್ಟೋ ವರ್ಷ ನಿಂತಿತು, ಅವರ ಮನೆಯವರಿಗೆ ಅದರ ಹಂಗು ಉಳಿದಿರಲಿಲ್ಲ.

ಗ್ಯಾಂಗ್‌ಮನ್ ತಾತನಿಗೆ ಅದು ಮುಚ್ಚಿದ್ದು ಲೂಪ್ ಹಳಿ ಕಿತ್ತ ದಿನ. ಎದುರು ಬದುರು ಬರುವ ಎರಡು ಗಾಡಿಗಳು ದಾಟಿಕೊಳ್ಳಲು ಆ ಎರಡನೇ ಹಳಿ ಬೇಕು. ಒಂದೇ ಹಳಿಯ ದಾರಿಯಲ್ಲಿ ಡ್ರೈವರ್ ಕೈಗೆ ಕಬ್ಬಿಣದ ಗುಂಡು ಕೊಡದೆ ಗಾಡಿ ಮುಂದೆ ಬಿಡುವ ಹಾಗಿರಲಿಲ್ಲ. ಚರ್ಮದ ಚೀಲದಲ್ಲಿ ಗುಂಡು, ಚೀಲಕ್ಕೊಂದು ದೊಡ್ಡ ಬಳೆ. ಗಾಡಿ ಓಡುತ್ತಿರುವಾಗಲೇ ಬಳೆಯೊಳಗೆ ತೋಳು ತೂರಿಸಿ ಅದನ್ನು ಎತ್ತಿಕೊಳ್ಳುತ್ತಿದ್ದರು. ತಾತ ಎದ್ದು ನಿಂತು ತೋಳು ಚಾಚಿ ಮಕ್ಕಳಿಗೆ ತೋರಿಸಿದರು. "ಗುಂಡು ಹೋಯ್ತು, ಟೇಸನ್ ಹೋಯ್ತು. ಆಮೇಲೆ ಅದು ಬಸ್ ಸ್ಟಾಪ್ ಇದ್ದಂಗೆ."

ಅಂಗನವಾಡಿಯ ಮೇಡಂ ಒಬ್ಬರದು ಬೇರೆಯೇ. ಅವರು ಆಗ ನಂಜನಗೂಡಿನಲ್ಲಿ ಓದುತ್ತಿದ್ದರು. ಗೇಜ್ ಬದಲಾವಣೆಗೆ ಮಾರ್ಗ ನಿಲ್ಲಿಸಿದಾಗ ಬೆಳಗಿನ ಆ ಹೊತ್ತಿಗೆ ಬಸ್ಸಿರಲಿಲ್ಲ. ಅಣ್ಣ ಸೈಕಲ್ಲಿನಲ್ಲಿ ಹೋದ. ಇವರನ್ನು ಮನೆಯಲ್ಲಿ ಬಿಡಿಸಿದರು. ಮತ್ತೆ ಓದು ಮುಂದುವರಿಸಿದ್ದು ಮದುವೆಯಾದ ಮೇಲೆ. ಇದನ್ನು ಹೇಳುವಾಗ ಅವರು ಮಕ್ಕಳ ತಟ್ಟೆಗೆ ಉಪ್ಪಿಟ್ಟು ಬಡಿಸುತ್ತಿದ್ದರು, ಕೈ ನಿಲ್ಲಿಸಲಿಲ್ಲ. ನಮ್ಮ ಗುಂಪಿನ ಹುಡುಗಿಯರು ಆ ದಿನ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಸ್ಟೇಷನ್ ಒಂದೇ ದಿನದಲ್ಲಿ ಮುಚ್ಚುವುದಿಲ್ಲ. ಮೊದಲು ಸರಕು, ಆಮೇಲೆ ಸಿಬ್ಬಂದಿ, ಆಮೇಲೆ ಎರಡನೇ ಹಳಿ, ಆಮೇಲೆ ಟಿಕೆಟ್, ಕೊನೆಗೆ ಗಾಡಿ. ಒಂದೊಂದು ನಿಂತಾಗಲೂ ಊರಿನಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿತು. ಎಲ್ಲರ ಇಸವಿಯೂ ಸರಿ ಇತ್ತು. ಕೇಳಿದ್ದ ಪ್ರಶ್ನೆ ತಪ್ಪಾಗಿತ್ತು.

ಬೀರುವಿನೊಳಗೆ, ಟ್ರಂಕಿನೊಳಗೆ

ನೆನಪನ್ನು ತಾಳೆ ನೋಡದೆ ಬರೆಯುವ ಹಾಗಿರಲಿಲ್ಲ. ಹಳಿಯ ಪಾಠ ಇನ್ನೂ ಹಸಿಯಾಗಿತ್ತು. ಅಜ್ಜಿಯ ಮಾತಿಗೆ ಸಾಕ್ಷಿ ಎಲ್ಲಿ ಹುಡುಕುವುದು?

ಅದು ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ಶಾಲೆಯ ದಾಖಲಾತಿ ರಿಜಿಸ್ಟರ್. ಮಗುವಿನ ಹೆಸರು, ಹುಟ್ಟಿದ ದಿನ, ತಂದೆಯ ಹೆಸರು, ತಂದೆಯ ಕಸುಬು, ಸೇರಿದ ದಿನ, ಬಿಟ್ಟ ದಿನ. ಬೇಸಾಯ, ಕೂಲಿ, ಬೇಸಾಯ, ಕೂಲಿ ಅಂತ ಪುಟಗಟ್ಟಲೆ ಹೋಗುವಾಗ ನಡುವೆ ಒಂದು ಕಡೆ "ರೈಲ್ವೆ", ಇನ್ನೊಂದು ಕಡೆ "ಸ್ಟೇಷನ್ ಮಾಸ್ಟರ್". ಎರಡು ಮೂರು ವರ್ಷಕ್ಕೊಮ್ಮೆ ಹೊಸ ಮಾಸ್ಟರ ಮಕ್ಕಳು ಸೇರಿ, ಹಳೇ ಮಾಸ್ಟರ ಮಕ್ಕಳು ಟಿಸಿ ತೆಗೆದುಕೊಂಡು ಹೋಗಿದ್ದಾರೆ. ಹೀಗೆ ನಡೆದು ಒಂದು ವರ್ಷ ಇಬ್ಬರು ಮಕ್ಕಳು ಶಾಲಾ ವರ್ಷದ ನಡುವೆಯೇ ಟಿಸಿ ಪಡೆದಿದ್ದಾರೆ. ಅಲ್ಲಿಂದ ಮುಂದೆ ಆ ಕಸುಬು ರಿಜಿಸ್ಟರಿನಲ್ಲಿ ಕಾಣುವುದಿಲ್ಲ. ಅಜ್ಜಿಯ ದೊಡ್ಡ ಮಗಳ ಲಗ್ನಪತ್ರಿಕೆ ಅವರ ಮನೆಯಲ್ಲಿತ್ತು. ಅದೇ ವರ್ಷ.

ಆ ರಿಜಿಸ್ಟರಿನಲ್ಲಿ ಜಾತಿಯ ಕಾಲಂ ಕೂಡ ಇರುತ್ತದೆ. ಊರಿನ ಎಲ್ಲ ಮನೆಗಳ ವಿವರ ಇರುತ್ತದೆ. ಮಕ್ಕಳು ತಾವೇ ಹುಡುಕುತ್ತೇವೆ ಅಂತ ಎಷ್ಟು ಕೇಳಿದರೂ ನಾನು ಕೊಡಲಿಲ್ಲ. ಮುಖ್ಯ ಶಿಕ್ಷಕರ ಅನುಮತಿ ಪಡೆದು ನಾನೊಬ್ಬನೇ ಓದಿದೆ. ಇಸವಿ ಮಾತ್ರ ಬರೆದುಕೊಂಡೆ, ಯಾರ ಹೆಸರನ್ನೂ ಬರೆದುಕೊಳ್ಳಲಿಲ್ಲ. ಶಾಲೆಯ ದಾಖಲೆ ಮುಟ್ಟುವ ಯಾರೇ ಆಗಲಿ ಇಷ್ಟು ಎಚ್ಚರ ಇಟ್ಟುಕೊಳ್ಳಲೇಬೇಕು.

ಎರಡನೇ ದಾಖಲೆ ಒಂದು ತಗಡಿನ ಟ್ರಂಕಿನಲ್ಲಿ ಸಿಕ್ಕಿತು. ಮಾಸ್ಟರ್ ಹೋದ ಮೇಲೆ ಸ್ಟೇಷನ್ ಹಾಲ್ಟ್ ಆಯಿತಲ್ಲ, ಅಲ್ಲಿ ಟಿಕೆಟ್ ಮಾರಲು ಊರಿನವರೊಬ್ಬರು ಏಜೆಂಟ್ ಆದರು. ಹಾಲ್ಟ್ ಏಜೆಂಟರಿಗೆ ಸಂಬಳ ಇಲ್ಲ, ಮಾರಿದ ಟಿಕೆಟ್ಟಿನ ಮೇಲೆ ಕಮಿಷನ್. ಹತ್ತಿರದ ದೊಡ್ಡ ಸ್ಟೇಷನ್ನಿನಿಂದ ಟಿಕೆಟ್ ಕಟ್ಟು ತಂದು, ಮಾರಿ, ಲೆಕ್ಕ ಒಪ್ಪಿಸಬೇಕು. ಅವರು ತೀರಿಹೋಗಿದ್ದಾರೆ. ಮಗ ಟ್ರಂಕ್ ತೆಗೆದು ತೋರಿಸಿದರು. ಒಳಗೆ ಒಂದು ಉದ್ದ ನೋಟ್‌ಬುಕ್, ಕಾಪಿಯಿಂಗ್ ಪೆನ್ಸಿಲ್ಲಿನ ನೇರಳೆ ಅಕ್ಷರ. ನೋಟ್‌ಬುಕ್ಕಿನ ಹಾಳೆಗಳ ನಡುವೆ ಒಂದು ಹಳೇ ರಟ್ಟಿನ ಟಿಕೆಟ್ಟೂ ಇತ್ತು. 57 ಮಿಲಿಮೀಟರ್ ಉದ್ದ, 30 ಅಗಲ. ನಮ್ಮಲ್ಲಿ ರಟ್ಟಿನ ಟಿಕೆಟ್‌ಗೆ ಸಾಮಾನ್ಯವಾಗಿ ಅದೇ ಅಳತೆ ಇತ್ತು. ಈಗಿನ ಮಕ್ಕಳು ಅದನ್ನು ಅಂಗೈ ಮೇಲಿಟ್ಟುಕೊಂಡು ಇಷ್ಟು ಸಣ್ಣದಾ ಅಂದರು.

ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು. ತಾರೀಖು, ಗಾಡಿ, ಕಟ್ಟಿನ ಮೊದಲ ನಂಬರ್, ಕೊನೇ ನಂಬರ್, ಹಣ. ಒಂದು ನಂಬರಿನಿಂದ ಇನ್ನೊಂದು ಕಳೆದರೆ ಆ ದಿನ ಎಷ್ಟು ಜನ ಹತ್ತಿದರು ಅಂತ ಬಂತು. ಮಕ್ಕಳು ಎರಡು ವಾರ ಕೂತು ಕಳೆದರು. ಲೆಕ್ಕದ ಮೇಡಂ ಸಹಾಯಕ್ಕೆ ಬಂದರು.

ಊರಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು, "ಜನ ಹತ್ತೋದು ನಿಲ್ಸಿದ್ರು, ಅದಕ್ಕೇ ರೈಲು ನಿಲ್ಸಿದ್ರು." ನೋಟ್‌ಬುಕ್ ಬೇರೆ ಹೇಳಿತು. ಸಾಧಾರಣ ದಿನಗಳಲ್ಲಿ ಟಿಕೆಟ್ ಹೋಗುತ್ತಿದ್ದುದು ಸ್ವಲ್ಪವೇ ಆದರೂ ಅದು ತಿಂಗಳುಗಟ್ಟಲೆ ಒಂದೇ ಸಮ ಇತ್ತು. ಸೋಮವಾರ, ಹುಣ್ಣಿಮೆ ಬಂದರೆ ಏರುತ್ತಿತ್ತು. ನಂಜುಂಡೇಶ್ವರನ ದೊಡ್ಡ ಜಾತ್ರೆಯ ವಾರ ಸಾಲೇ ಸಾಕಾಗದೆ ಅಂಚಿನಲ್ಲೂ ಬರೆದಿದ್ದಾರೆ. ಇಳಿದಿದ್ದು ಒಂದು ನಿರ್ದಿಷ್ಟ ತಿಂಗಳಲ್ಲಿ, ಒಮ್ಮೆಗೇ. ಆ ತಿಂಗಳ ಮೇಲಂಚಿನಲ್ಲಿ ಏಜೆಂಟರು ಬರೆದುಕೊಂಡಿದ್ದರು: "ಬೆಳಗಿನ ಗಾಡಿ ಟೈಂ ಬದಲು." ಹೊಸ ಹೊತ್ತು ಶಾಲೆಗೂ ಆಗದು, ಸಂತೆಗೂ ಆಗದು. ಆ ತಿಂಗಳಿಂದಾಚೆ ಸಂಖ್ಯೆ ಮೇಲೇಳಲಿಲ್ಲ.

ಇದು ಒಂದು ಊರಿನ, ಒಂದು ನೋಟ್‌ಬುಕ್ಕಿನ ಲೆಕ್ಕ. ಇದನ್ನು ಹಿಡಿದು ಎಲ್ಲ ಸ್ಟೇಷನ್‌ಗಳೂ ಹೀಗೇ ಮುಚ್ಚಿದವು ಅಂತ ನಾನು ಹೇಳಲಾರೆ. ಆದರೆ ಈ ಊರಿನ ಮಟ್ಟಿಗೆ ಜನ ಬಿಟ್ಟಿದ್ದರಿಂದ ಗಾಡಿ ಹೋಗಲಿಲ್ಲ, ಗಾಡಿಯ ಹೊತ್ತು ಬದಲಾಗಿದ್ದರಿಂದ ಜನ ಬಿಟ್ಟರು. ಇದನ್ನು ಗ್ರಾಮಸಭೆಯಲ್ಲಿ ಮಕ್ಕಳು ಗ್ರಾಫ್ ತೋರಿಸಿ ಹೇಳಿದಾಗ ಒಬ್ಬರು ಹಿರಿಯರು, "ಇಷ್ಟು ವರ್ಷ ತಪ್ಪು ನಮ್ದೇ ಅಂತ ಅಂದ್ಕೊಂಡಿದ್ವಲ್ಲ" ಅಂದರು.

ಗಾಂಧೀಜಿ ಇಳಿದರಾ?

ಇನ್ನೊಂದು ತೀರ್ಮಾನ ಬಾಕಿ ಇತ್ತು. ಊರಿನ ಹಿರಿಯರೊಬ್ಬರು ಮೊದಲ ದಿನದಿಂದಲೂ ಕೇಳುತ್ತಿದ್ದುದು ಒಂದೇ. ಗಾಂಧೀಜಿ ನಮ್ಮ ಸ್ಟೇಷನ್ನಿನಲ್ಲಿ ಇಳಿದು ನೀರು ಕುಡಿದರು ಅಂತ ಕಲ್ಲಿನ ಮೇಲೆ ಬರೆಸಿ. 1927ರಲ್ಲಿ ಗಾಂಧೀಜಿ ತಿಂಗಳುಗಟ್ಟಲೆ ಮೈಸೂರು ಸಂಸ್ಥಾನದಲ್ಲಿ ಇದ್ದರು, ಅದು ನಿಜ. ಅವರು ಬದನವಾಳಿನ ಖಾದಿ ಕೇಂದ್ರಕ್ಕೆ ಬಂದಿದ್ದರು ಅನ್ನುವುದು ಈ ಸೀಮೆಯ ದೊಡ್ಡ ಹೆಮ್ಮೆ. ಆ ದಾರಿಯ ಊರುಗಳಲ್ಲಿ ಇಂಥ ನೆನಪು ಇರುವುದು ಸಹಜ. ಗಾಂಧೀಜಿಯವರ ಸಮಗ್ರ ಬರಹಗಳ ಸಂಪುಟಗಳ ಕೊನೆಗೆ ದಿನದಿನದ ವಿವರ ಕೊಟ್ಟಿದ್ದಾರೆ. ಅದನ್ನು ನೋಡಿದೆ. ನಮ್ಮೂರಿನ ಹೆಸರು ಕಾಣಲಿಲ್ಲ.

ಹಿರಿಯರಿಗೆ ಹೇಳಿದಾಗ ತುಂಬ ನೊಂದುಕೊಂಡರು. "ನಮ್ಮಪ್ಪ ಸುಳ್ಳು ಹೇಳಿದ್ನಾ?" ಅಂತ ಕೇಳಿ ಎದ್ದುಹೋದರು. ನಾನು ಎರಡು ರಾತ್ರಿ ಇದನ್ನೇ ಯೋಚಿಸಿದೆ. ಕೊನೆಗೆ ಹೀಗೆ ಮಾಡಿದೆವು. ಕಲ್ಲಿನ ಮೇಲೆ ದಾಖಲೆ ಇರುವುದು ಮಾತ್ರ. ಜನರ ನೆನಪಿಗೆ ಬೇರೆ ಪುಸ್ತಕ. ಒಬ್ಬೊಬ್ಬರದು ಒಂದೊಂದು ಪುಟ, ಯಾರು ಹೇಳಿದರು, ಯಾರಿಂದ ಕೇಳಿದ್ದು ಅಂತ ಸಮೇತ. ಹಿರಿಯರ ಮಾತೂ ಅದರಲ್ಲಿ ಪೂರ್ತಿ ಬಂತು. ದಾಖಲೆ, ನೆನಪು ಅಂತ ಹೀಗೆ ಬೇರೆ ಮಾಡುವುದನ್ನು ಮೊದಲ ದಿನವೇ ಮಾಡಿದ್ದರೆ ಎಷ್ಟೋ ಮನಸ್ತಾಪ ತಪ್ಪುತ್ತಿತ್ತು.

ಏನಾಯಿತು

ಹೊಸ ಕಲ್ಲಿಗೆ ದುಡ್ಡಿರಲಿಲ್ಲ. ಕಲ್ಲುಕುಟಿಗರು ಹಳೇ ಕಲ್ಲನ್ನೇ ಮೇಲಿಂದ ಅರ್ಧ ಬೆರಳಿನಷ್ಟು ಕೆತ್ತಿ ತೆಗೆದು, ನುಣುಪು ಮಾಡಿ ಮತ್ತೆ ಬರೆದರು. ಹತ್ತಿರ ಹೋಗಿ ನೋಡಿದರೆ 1891ರ 9 ಇದ್ದ ಕಡೆ ಒಂದು ಸಣ್ಣ ತಗ್ಗು ಈಗಲೂ ಬೆರಳಿಗೆ ಸಿಗುತ್ತದೆ. ಈಗಿನ ಒಕ್ಕಣೆಯಲ್ಲಿ "ರಿಂದ", "ವರೆಗೆ" ಇಲ್ಲ. ಎರಡೇ ಸಾಲು:

1926ರಲ್ಲಿ ಈ ದಾರಿಗೆ ರೈಲು ಬಂತು.
2008ರಲ್ಲಿ ಬಂದ ಹೊಸ ರೈಲು ಇಲ್ಲಿ ನಿಲ್ಲಲಿಲ್ಲ.

ನಡುವಿನ 82 ವರ್ಷ ಪುಸ್ತಕದಲ್ಲಿದೆ. ಪುಸ್ತಕ ಅಂದರೆ ದಪ್ಪ ರಟ್ಟಿನ ಲೆಡ್ಜರ್, ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಇಟ್ಟಿದ್ದೇವೆ. ಏಜೆಂಟರ ನೋಟ್‌ಬುಕ್ಕನ್ನು ಮಗ ಕೊಡಲಿಲ್ಲ, ಅದು ಅವರ ಹಕ್ಕು. ಪ್ರತಿ ಪುಟದ ಫೋಟೋ ತೆಗೆದುಕೊಳ್ಳಲು ಬಿಟ್ಟರು. ಸ್ಟೇಷನ್ ಕಟ್ಟಡ ಉಳಿಸಲು ನಮ್ಮಿಂದ ಆಗಲಿಲ್ಲ. ಅದು ರೈಲ್ವೆ ಜಾಗ, ಸೂರು ಪ್ರತಿ ಮಳೆಗಾಲಕ್ಕೂ ಇನ್ನಷ್ಟು ಕುಸಿಯುತ್ತಿದೆ. ಮಕ್ಕಳು ಗೋಡೆ, ಕಿಟಕಿ, ಟಿಕೆಟ್ ಕೊಡುವ ಕಂಡಿ ಎಲ್ಲದರ ಅಳತೆ ತೆಗೆದು ನಕ್ಷೆ ಬರೆದು ಲೆಡ್ಜರಿಗೆ ಅಂಟಿಸಿದ್ದಾರೆ.

ಪುಸ್ತಕ ಇಟ್ಟ ಎರಡು ತಿಂಗಳಿಗೆ ಆ ಹಿರಿಯರು ಅರಿವು ಕೇಂದ್ರಕ್ಕೆ ಬಂದರಂತೆ. ಗ್ರಂಥಪಾಲಕಿ ಹೇಳಿದರು. ತಮ್ಮ ಪುಟ ತೆಗೆಸಿ, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. "ಗಾಂಧೀಜಿ ಇಲ್ಲಿ ಇಳಿದರು ಎಂದು ಊರಿನವರು ಹೇಳುತ್ತಾರೆ" ಅಂತ ನಾವು ಬರೆದಿದ್ದೆವು. ಅವರು ಪೆನ್ನು ಕೇಳಿ ಇಸಿದುಕೊಂಡು "ಊರಿನವರು ಹೇಳುತ್ತಾರೆ" ಅನ್ನುವುದನ್ನು ಹೊಡೆದುಹಾಕಿದರು. ಪಕ್ಕದಲ್ಲಿ ನಡುಗುವ ಕೈಯಲ್ಲಿ ಬರೆದರು: "ನಮ್ಮಪ್ಪ ನನಗೆ ಹೇಳಿದ್ದು. ನನಗೆ ಆಗ ಎಂಟು ವರ್ಷ." ಕೆಳಗೆ ಸಹಿ ಮಾಡಿ ತಾರೀಖು ಹಾಕಿದರು.